ಒಲೆಮನೆಯ ಮೆಟ್ಟು

ಬೆಳಿಗ್ಗೆ ಎದ್ದು ಕಾಲು ತೊಳೆದೆ. ಬೆರಳ ಸಂದುಗಳನ್ನು ಒಣ ಬಟ್ಟೆಯಲ್ಲಿ ಒರೆಸಿದೆ. ಮಂಚದ ಬುಡದಲ್ಲಿಡುವ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಎರಡೂ ಅಂಗಾಲು ನೋಡಿಕೊಂಡೆ. ಬೆರಳ ತುದಿ ಚುಚ್ಚಿ ಸಕ್ಕರೆ ಪರೀಕ್ಷಿಸಿ ಪುಸ್ತಕದಲ್ಲಿ ಬರೆದೆ. ಗುಳಿಗೆ ನುಂಗಿದೆ. ಎರಡು ದೋಸೆ, ಒಂದೆಲಗದ ಚಟ್ನಿ. ಎರಡು ಸಟ್ಟುಗ, ಒಂದು ಜಾಲರಿ ಸೌಟು, ಹೆಗಲ ಪಂಚೆ ಚೀಲಕ್ಕೆ ಹಾಕಿದೆ. ಹೊಸ ಮೆಟ್ಟನ್ನು ಬೇರೆಯೇ ಬಿಳಿ ಚೀಲದಲ್ಲಿಟ್ಟು ಗಂಟು ಕಟ್ಟಿ, ದಾರಿಗೆ ಬೇರೆ ಜೋಡು ಮೆಟ್ಟಿಕೊಂಡೆ. ಹೆಂಡತಿಯನ್ನು ಕರೆದುಕೊಂಡು ಸಿದ್ದಾಪುರದ ಮೊದಲ ಬಸ್ಸು ಹಿಡಿದೆ. ಮನ್ಮನೆ ಊರಿನ ದೇವಕಾರ್ಯದ ಮನೆ ಮುಟ್ಟಿ, ಕಾಯಿ ಒಡೆದು, ಕಡಲೆಬೇಳೆ ತೊಳೆದು, ಒಲೆಗೆ ಬೆಂಕಿ ಹಾಕಿದೆ. ನಾಲ್ಕು ತಿಂಗಳ ಮೇಲೆ ನನ್ನ ಕೈಯಿಂದ ಹೊತ್ತಿದ ಮೊದಲ ಬೆಂಕಿ ಅದು.

ನಾನು ಅಡುಗೆಯವನು. ಮನೆ ಶಿರಸಿ ಪೇಟೆಯ ಒಂದು ಓಣಿಯಲ್ಲಿ. ಕೆಲಸ ಮೂವತ್ತು ವರ್ಷದಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ, ಮದುವೆ ಮುಂಜಿ ದೇವಕಾರ್ಯಗಳಲ್ಲಿ. ಜೊತೆಗೆ ಒಬ್ಬ ಜೊತೆಗಾರನಿದ್ದಾನೆ. ನನಗಿಂತ ಹನ್ನೊಂದು ವರ್ಷ ದೊಡ್ಡವನು. ರಕ್ತಸಂಬಂಧವೇನಿಲ್ಲ, ಆದರೂ ನಾನು ಅವನನ್ನು ಅಣ್ಣ ಎಂದೇ ಕರೆಯುವುದು. ಕೆಲಸ ದೊಡ್ಡದಾದರೆ ಇನ್ನೂ ನಾಲ್ವರು ಸೇರುತ್ತಾರೆ. ಸಿಹಿ ಮಾತ್ರ ನನ್ನ ಪಾಲು. ಹೋಳಿಗೆಯ ಹೂರಣ ಹದಕ್ಕೆ ಬಂದಿದೆಯೇ ಎಂಬುದನ್ನು ನಾವು ಬಾಯಿಗೆ ಹಾಕಿ ನೋಡುವಂತಿಲ್ಲ. ದೇವರಿಗೆ ಎಡೆ ಆಗುವ ಮೊದಲು ರುಚಿ ನೋಡಬಾರದು. ಕಣ್ಣಲ್ಲಿ ನೋಡಬೇಕು, ಕಿವಿಯಲ್ಲಿ ಕೇಳಬೇಕು, ಮೂಗಿನಲ್ಲಿ ಹಿಡಿಯಬೇಕು.

ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ಮೊದಮೊದಲು ನಾನು ಅದನ್ನು ಮನೆಗೆ ಬಂದ ದೂರದ ನೆಂಟನ ಹಾಗೆ ನೋಡಿಕೊಂಡೆ. ಇದ್ದಾನೆ, ಎಂದೋ ಒಂದು ದಿನ ಹೋಗುತ್ತಾನೆ ಎಂದು. ಚಹಾಕ್ಕೆ ಸಕ್ಕರೆ ಬಿಟ್ಟೆ. ದೋಸೆಗೆ ಜೋನಿಬೆಲ್ಲ ಬಿಡಲಿಲ್ಲ. ಆಲೆಮನೆಯಿಂದ ಡಬ್ಬಿಯಲ್ಲಿ ಬರುವ ಆ ನೀರುಬೆಲ್ಲ ನಮ್ಮ ಕಡೆಯವರ ಲೆಕ್ಕದಲ್ಲಿ ಸಕ್ಕರೆಯೇ ಅಲ್ಲ. ದಿನವಿಡೀ ಒಲೆಯ ಮುಂದೆ ನಿಲ್ಲುವುದೇ ವ್ಯಾಯಾಮ ಎಂದುಕೊಂಡಿದ್ದೆ. ಕಾಲು ಜೋಮು ಹಿಡಿದಂತೆ ಇರುತ್ತಿತ್ತು. ನಿಂತೂ ನಿಂತೂ ಹಾಗಾಗುತ್ತದೆ ಎಂದು ಅದಕ್ಕೂ ಒಂದು ಸಮಾಧಾನ ಹೇಳಿಕೊಂಡಿದ್ದೆ.

ದೀಪಾವಳಿ ಕಳೆದ ಮೇಲೆ ದೊಡ್ಮನೆ ಊರಿನ ಹತ್ತಿರ ಒಂದು ಮುಂಜಿ. ಚಪ್ಪರದ ಹಿಂದೆ ನೆಲ ತೋಡಿ ಮಾಡಿದ ಉದ್ದ ಒಲೆ. ಎಲ್ಲರೂ ಬರಿಗಾಲು, ಒಲೆಮನೆಗೆ ಮೆಟ್ಟು ಹಾಕಿ ಬರುವುದನ್ನು ನಮ್ಮಲ್ಲಿ ಯಾರೂ ಊಹಿಸಲಾರರು. ನಾನು ಹೂರಣ ತಿರುವುತ್ತಿದ್ದೆ. ಬೆಲ್ಲ ಕರಗಿ, ಹೊಗೆಯೂ ಹಬೆಯೂ ಸೇರಿ, ಬೆಳಕು ಕೋಲುಕೋಲಾಗಿ ಇಳಿಯುತ್ತಿತ್ತು. ಆಗ ಮೂಗಿಗೆ ಒಂದು ವಾಸನೆ ಬಂತು. ಏನೋ ಹೊತ್ತುತ್ತಿರುವ ವಾಸನೆ.

ಅಡುಗೆಯವನಿಗೆ ಅದಕ್ಕಿಂತ ದೊಡ್ಡ ಭಯ ಇಲ್ಲ. ಹೂರಣ ತಳ ಹಿಡಿಯಿತು ಎಂದುಕೊಂಡೆ. ಸಟ್ಟುಗವನ್ನು ತಳಕ್ಕೆ ಒತ್ತಿ ನೋಡಿದೆ, ಹಿಡಿದಿರಲಿಲ್ಲ. ಪಾಯಸದ ಪಾತ್ರೆಗೆ ಹೋದೆ. ಸಾರಿನ ಹಂಡೆಗೆ ಹೋದೆ. ಅನ್ನದ ತಪ್ಪಲೆಯ ಮುಚ್ಚಳ ತೆಗೆದೆ. ವಾಸನೆ ನಾನು ಹೋದಲ್ಲೆಲ್ಲ ಬಂತು.

"ಎಂತ ಹುಡುಕ್ತ್ಯಾ?" ಅಂದ ಅಣ್ಣ.

"ಯಾವ್ದೋ ತಳ ಹಿಡದ್ದು. ನಿಂಗೆ ವಾಸನೆ ಬತ್ತಿಲ್ಯನಾ?"

ಅಣ್ಣ ಮೂಗು ಎತ್ತಿದ. ಆಮೇಲೆ ಅವನ ಕಣ್ಣು ನೆಲಕ್ಕೆ ಹೋಯಿತು. ಬೂದಿ ಚೆಲ್ಲಿದ ನೆಲದ ಮೇಲೆ ನನ್ನ ಹೆಜ್ಜೆಗಳು ಮೂಡಿದ್ದವು. ಬಲಗಾಲಿನ ಗುರುತಿನಲ್ಲಿ ಹೆಬ್ಬೆರಳ ಬುಡಕ್ಕೊಂದು ಒದ್ದೆ ಚುಕ್ಕೆ.

"ಕಾಲೆತ್ತಾ, ನೋಡನ."

ಎತ್ತಿದೆ. ಹೆಬ್ಬೆರಳ ಬುಡದಲ್ಲಿ ಅಡಿಕೆಯಷ್ಟು ಅಗಲಕ್ಕೆ ಕೆಂಡ ಕೂತಿತ್ತು. ಕೆಂಡ ಆರಿ ಕಪ್ಪಾಗಿತ್ತು. ನನಗೆ ಏನೂ ಗೊತ್ತಿರಲಿಲ್ಲ. ಇಡೀ ಚಪ್ಪರ ಸುತ್ತಿ ನಾನು ಹುಡುಕುತ್ತಿದ್ದದ್ದು ನನ್ನದೇ ಕಾಲನ್ನು.

"ಉರಿತಿಲ್ಯನಾ?" ಅಣ್ಣನ ಧ್ವನಿ ಸಣ್ಣಗಾಗಿತ್ತು.

"ಇಲ್ಲೆ," ಅಂದೆ. ಅದನ್ನು ಹೇಳುವಾಗಲೇ ನನಗೆ ಮೊದಲ ಸಲ ಹೆದರಿಕೆಯಾಯಿತು.

ಶಿರಸಿಯಲ್ಲಿ ನಾನು ತೋರಿಸುವ ಡಾಕ್ಟರಮ್ಮ ಹಾವೇರಿ ಕಡೆಯವರು. ಗಾಯ ತೊಳೆದು ಕಟ್ಟಿದ ಮೇಲೆ ಒಂದು ಕಡ್ಡಿಗೆ ಸಿಕ್ಕಿಸಿದ ಮೀನುಗಾಳದ ದಾರದಂಥದ್ದನ್ನು ಹಿಡಿದುಕೊಂಡು ಎದುರು ಕೂತರು.

"ಕಣ್ಣು ಮುಚ್ಕೊಳ್ರಿ. ನಾ ಮುಟ್ಟಿದಾಗೊಮ್ಮೆ ಹೂಂ ಅನ್ರಿ."

ಮುಚ್ಚಿದೆ. ಫ್ಯಾನಿನ ಸದ್ದು. ಹೊರಗೆ ಯಾರದೋ ಮಗು ಬಾಗಿಲನ್ನು ತಟ್ಟುತ್ತಿತ್ತು. ಕೆರೆಯ ಕಟ್ಟೆಯ ಮೇಲೆ ಕೂತು ನೀರಿಗೆ ಕಾಲು ಬಿಟ್ಟು, ಮೀನು ಬಂದು ಮುಟ್ಟುವುದನ್ನು ಕಾಯುತ್ತಿದ್ದ ಚಿಕ್ಕಂದಿನ ಮಧ್ಯಾಹ್ನಗಳು ನೆನಪಾದವು. ಹಾಗೆಯೇ ಕಾದೆ. ಒಂದು ಬಂತು. ಹೂಂ ಅಂದೆ. ಬಹಳ ಹೊತ್ತಾದ ಮೇಲೆ ಇನ್ನೊಂದು. ಮತ್ತೊಂದು.

"ಆತು, ಕಣ್ಣು ಬಿಡ್ರಿ. ಹತ್ತು ಕಡೆ ಮುಟ್ಟೀನಿ. ನೀವು ಮೂರು ಸಲ ಹೂಂ ಅಂದ್ರಿ."

ಉಳಿದ ಏಳು ಮೀನುಗಳು ನನ್ನನ್ನು ಮುಟ್ಟಿ ಹಾಗೇ ಹೋಗಿದ್ದವು.

ಡಾಕ್ಟರಮ್ಮ ಸುತ್ತಿ ಬಳಸಿ ಹೇಳುವವರಲ್ಲ. ಗಾಯ ಮೂಳೆಗೆ ಇಳಿಯದೆ ಮಾಗಿದರೆ ಬೆರಳು ಉಳಿಯುತ್ತದೆ; ಇಳಿದರೆ ಇಲ್ಲ. ಆ ಕಾಲನ್ನು ನೆಲಕ್ಕೆ ಊರುವಂತಿಲ್ಲ. ದಿನಾ ಪಟ್ಟಿ, ಸಕ್ಕರೆ ಹತೋಟಿಗೆ ಬರಬೇಕು. "ಇನ್ನ ಮ್ಯಾಲೆ ಜೀವ ಇರೋತನಾ ಮೆಟ್ಟು ಇಲ್ಲದ ಒಂದು ಹೆಜ್ಜಿ ಇಡಂಗಿಲ್ಲ. ಮನಿಯೊಳಗೂ."

"ಒಲೆಮನೆಯಲ್ಲಿ?" ಕೇಳಿದೆ.

"ಅಲ್ಲೇ ಮೊದಲು ಬೇಕಾದ್ದು ನಿಮಗ."

ಔಷಧಿ ಅಂಗಡಿಯ ಮುಂದೆ ಕಾಯುವಾಗ, ಆಟೋದಲ್ಲಿ, ಮನೆಯ ಮೆಟ್ಟಿಲನ್ನು ಹೆಂಡತಿಯ ಹೆಗಲು ಹಿಡಿದು ಹತ್ತುವಾಗ, ನನಗೆ ಬೆರಳಿನ ಚಿಂತೆಗಿಂತ ಆ ಮಾತಿನ ಚಿಂತೆ ಹೆಚ್ಚಿತ್ತು. ಬೆರಳು ಉಳಿದರೂ ಮೆಟ್ಟು ಹಾಕಿದ ಅಡುಗೆಯವನನ್ನು ಯಾರು ಒಳಗೆ ಬಿಡುತ್ತಾರೆ? ನನಗೆ ಬೇರೆ ಕೆಲಸ ಬಾರದು.

ವಾರಗಳು ಕಳೆದವು. ಮಂಚದ ಮೇಲೆ ಎರಡು ದಿಂಬಿನ ಮೇಲೆ ಕಾಲಿಟ್ಟು ಮಲಗಿರುತ್ತಿದ್ದೆ. ಕಿಟಕಿಯ ಬಿಸಿಲು ಗೋಡೆಯ ಮೇಲೆ ಬೆಳಿಗ್ಗೆ ಕ್ಯಾಲೆಂಡರಿನ ಬಳಿ ಇದ್ದದ್ದು ಮಧ್ಯಾಹ್ನಕ್ಕೆ ಗಡಿಯಾರಕ್ಕೆ ಬರುತ್ತಿತ್ತು. ಓಣಿಯ ಸದ್ದುಗಳನ್ನು ಗುರುತಿಸುವುದೇ ಕೆಲಸವಾಯಿತು. ಹಾಲಿನವನ ಸೈಕಲ್ಲು, ಎದುರು ಮನೆಯ ಮಿಕ್ಸರು, ಶಾಲೆಯ ಗಂಟೆ. ಪಕ್ಕದ ಮನೆಯ ಅತ್ತೆ ಬೇಲಿಯ ಮೇಲಿನಿಂದ ದಿನವೂ ಒಂದು ಹಿಡಿ ಸೊಪ್ಪು ದಾಟಿಸುತ್ತಿದ್ದರು. ಒಂದು ದಿನ ಒಂದೆಲಗ, ಒಂದು ದಿನ ಬಸಳೆ. "ಅನ್ನ ಕಮ್ಮಿ, ಸೊಪ್ಪು ಜಾಸ್ತಿ ಹೇಳಿ ಡಾಕ್ಟ್ರು ಹೇಳಿದ್ವಡ, ತಿನ್ನು," ಎಂದು ಕಿಟಕಿಗೆ ಕೇಳುವಷ್ಟು ಜೋರಾಗಿ ಹೇಳಿ ಹೋಗುತ್ತಿದ್ದರು. ಹೆಂಡತಿ ಪಟ್ಟಿ ಬದಲಿಸುವಾಗ ಗಾಯದ ಅಗಲವನ್ನು ಮನಸ್ಸಿನಲ್ಲೇ ಅಳೆಯುತ್ತಿದ್ದಳು. ಮೊದಲು ಅಡಿಕೆ. ಆಮೇಲೆ ಬಟಾಣಿ. ಆಮೇಲೆ ಬಹಳ ದಿನ ಬಟಾಣಿಯೇ.

ಒಂದು ದಿನ ಹನ್ನೊಂದು ಗಂಟೆಗೆ ಅಣ್ಣನ ಫೋನು ಬಂತು. ಯಲ್ಲಾಪುರದ ಒಂದು ಮದುವೆಮನೆಯಿಂದ.

"ಹೂರಣ ಇಳಸ್ಲಾ ಬ್ಯಾಡ್ದಾ ಗೊತ್ತಾಗ್ತಿಲ್ಲೆ ಮಾರಾಯಾ. ಕೇಳು," ಎಂದವನೇ ಫೋನನ್ನು ಹಂಡೆಯ ಬಳಿ ಹಿಡಿದ.

ಮೊದಲು ಗೌಜು. ನಿಧಾನಕ್ಕೆ ಅದರೊಳಗಿಂದ ಹೂರಣದ ಸದ್ದು ಬೇರೆಯಾಯಿತು. ಬೆಲ್ಲ ಬಿದ್ದ ಹೊಸತರಲ್ಲಿ ಅದು ಗಳಗಳ ಎನ್ನುತ್ತದೆ. ಗಟ್ಟಿಯಾದ ಹಾಗೆ ಗುಳ್ಳೆಗಳು ಒಂದೊಂದಾಗಿ, ಮಲಗಿದವರ ಉಸಿರಿನಂತೆ ಬಿಟ್ಟು ಬಿಟ್ಟು ಒಡೆಯುತ್ತವೆ. ನಾನು ಕಣ್ಣು ಮುಚ್ಚಿದೆ. ಶಿರಸಿಯ ಮಂಚದ ಮೇಲಿದ್ದೇನೋ ಯಲ್ಲಾಪುರದ ಒಲೆಯ ಮುಂದಿದ್ದೇನೋ ತಿಳಿಯದ ಹಾಗಾಯಿತು. ಮುಖಕ್ಕೆ ಹಬೆ ತಾಗಿದಂತೆಯೂ ಅನ್ನಿಸಿತು.

"ಒರಗಿದ್ಯನಾ?" ಎಂಬ ಅಣ್ಣನ ಕೂಗಿಗೆ ಎಚ್ಚರ.

"ಇನ್ನೊಂದು ನಾಕು ನಿಮಿಷ. ಬೆಂಕಿ ಹೊರಗೆಳಿ."

ಅಂದಿನಿಂದ ಅದೇ ರೂಢಿಯಾಯಿತು. ಎಲ್ಲಿ ಅಡುಗೆಯಿದ್ದರೂ ಹೂರಣದ ಹೊತ್ತಿಗೆ ಫೋನು. ನನ್ನ ಜಾಗಕ್ಕೆ ಅಣ್ಣ ಬೇರೆ ಯಾರನ್ನೂ ಸೇರಿಸಿಕೊಳ್ಳಲಿಲ್ಲ. ಫೋನು ಅವನ ಕೈಯಿಂದ ಉಳಿದ ನಾಲ್ವರ ಕೈಗೆ ಹೋಗುತ್ತಿತ್ತು. ಕಾಯಿ ಹೆರೆಯುವವನು ಒಂದು ದಿನ, ಹವಾಮಾನದ ಸುದ್ದಿ ಹೇಳುವ ಧ್ವನಿಯಲ್ಲೇ, "ಯಂಗೂ ಇದ್ದಾ ಸಕ್ರೆ. ಆರು ವರ್ಷಾತು. ಯಾರಿಗೂ ಹೇಳಿದ್ನಿಲ್ಲೆ," ಅಂದ. ಇನ್ನೊಂದು ದಿನ ಬಡಿಸುವವನೂ ಅದನ್ನೇ ಹೇಳಿದ. ಆರು ಜನರಲ್ಲಿ ನಾವು ಮೂವರು. ಪಕ್ಕಪಕ್ಕದಲ್ಲಿ ನಿಂತು ಹೋಳಿಗೆ ಬೇಯಿಸುತ್ತ, ಒಬ್ಬರಿಗೊಬ್ಬರು ಗುಳಿಗೆ ಬಚ್ಚಿಟ್ಟುಕೊಂಡು ಬದುಕಿದ್ದೆವು.

ಅಣ್ಣ ಮನೆಗೆ ಬಂದ ದಿನ ಚೆನ್ನಾಗಿ ನೆನಪಿದೆ. ಪಟ್ಟಿ ಬಿಚ್ಚಿತ್ತು. ಬಂದವನೇ ಮಂಚದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನ ಪಾದಕ್ಕೆ ಕೈ ಹಾಕಿದ. ನಾನು ಕಾಲು ಎಳೆದುಕೊಂಡೆ. ಹಿರಿಯರು ಕಿರಿಯರ ಕಾಲು ಮುಟ್ಟುವುದೆಂದರೆ ಮೈಮೇಲೆ ಮುಳ್ಳೇಳುತ್ತದೆ.

"ನೀ ದೊಡ್ಡವ ಅಲ್ದನಾ. ಯನ್ನ ಕಾಲು ಹಿಡಿಯಡ."

"ಮೂವತ್ತು ವರ್ಷ ನೀ ತಿಕ್ಕಿಟ್ಟ ಹಂಡೆಗಳ ಬುಡ ನೋಡಿದ್ದೆ. ಇದೂ ಒಂದು ಹಂಡೆ ಹೇಳಿ ತಿಳ್ಕತ್ತೆ. ಎತ್ತು."

ಎತ್ತಿದೆ. ಅವನು ಕನ್ನಡಕ ಏರಿಸಿ, ಹಂಡೆಯ ಕರಿ ಹೋಗಿದೆಯೋ ಇಲ್ಲವೋ ನೋಡುವ ಗಾಂಭೀರ್ಯದಲ್ಲೇ ನೋಡಿದ. "ಅಂಚು ಕೆಂಪಗಿದ್ದು. ಚಲೋ ಬಣ್ಣ," ಅಂದ. ನನಗೆ ತಡೆಯಲಾಗಲಿಲ್ಲ. ಮಂಚದ ಮೇಲಿಂದಲೇ ಬಗ್ಗಿ ಅವನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡೆ.

"ಹೆಂಗೂ ಬಗ್ಗಿದ್ದೆ, ಯಂದೂ ನೋಡ್ಬಿಡು," ಎಂದು ಅವನು ತನ್ನ ಅಂಗಾಲನ್ನು ಮೇಲೆ ತಿರುಗಿಸಿದ. ಹಿಮ್ಮಡಿಯಲ್ಲಿ ಎರಡು ಆಳದ ಬಿರುಕು. ಹೆಂಡತಿ ಕೊಬ್ಬರಿಎಣ್ಣೆ ತಂದುಕೊಟ್ಟಳು.

ನಾನಿಲ್ಲದಾಗಲೇ ಅದು ನಮ್ಮ ಗುಂಪಿನ ಪದ್ಧತಿಯಾಯಿತು. ಒಲೆ ಹಚ್ಚುವ ಮೊದಲು ಸಾಲಾಗಿ ಕೂತು ಒಬ್ಬರ ಅಂಗಾಲನ್ನು ಇನ್ನೊಬ್ಬರು ನೋಡುವುದು. ಸಕ್ಕರೆ ಇದ್ದವರದ್ದೂ ಇಲ್ಲದವರದ್ದೂ. ನಾಚಿಕೆ ಮೊದಲೆರಡು ಸಲ ಇತ್ತಂತೆ. ನೋಡಿದ ಮೇಲೆ ಕಿರಿಯನು ಹಿರಿಯನಿಗೆ ನಮಸ್ಕಾರ ಮಾಡಿದರೆ ಎಲ್ಲವೂ ಸರಿಹೋಗುತ್ತದೆ.

ಬಟಾಣಿ ಸಾಸಿವೆಯಾಯಿತು. ಒಂದು ಬೆಳಿಗ್ಗೆ ಸಾಸಿವೆಯೂ ಇರಲಿಲ್ಲ. ಡಾಕ್ಟರಮ್ಮ ಒತ್ತಿ ನೋಡಿ, ಬೆರಳಿಗೆ ಇನ್ನು ಭಯವಿಲ್ಲ ಎಂದರು. ಕೆಲಸಕ್ಕೆ ಹೋಗಬಹುದು, ಆದರೆ ಮೆಟ್ಟು.

"ಹಾವುಗೆ ಆಗ್ತನಾ ಕೇಳು," ಎಂದು ಜೊತೆಗೆ ಬಂದಿದ್ದ ಅಣ್ಣ ನನ್ನನ್ನು ತಿವಿದ. ಮರದ ಹಾವುಗೆಗೆ ಮೈಲಿಗೆ ಇಲ್ಲವಲ್ಲ. ಡಾಕ್ಟರಮ್ಮ ನಕ್ಕರು. "ಬ್ಯಾಡ್ರಿ ಯಪ್ಪಾ, ಬೆರಳ ಸಂದಿಗೆ ಅದರ ಗುಬುಟ ಒತ್ತತೈತಿ. ಮತ್ತ ನನ್ನ ಕಡೇನ ಬರ್ತೀರಿ." ಮುಂದೆ ಮುಚ್ಚಿರುವ, ಒಳಗೆ ಮೆತ್ತಗಿರುವ ಒಂದು ಜೋಡಿಯನ್ನು ಅವರೇ ಹೇಳಿದರು. ಹೆಂಡತಿ ಅದಕ್ಕೆ ಹೊಸ ಪಂಚೆಯ ದಪ್ಪ ಬಟ್ಟೆಯಲ್ಲಿ ಗವಸು ಹೊಲಿದಳು, ದಿನಾ ಬಿಚ್ಚಿ ತೊಳೆದು ಮಡಿಬಟ್ಟೆಯ ಜೊತೆ ಒಣಗಿಸಲು ಬರುವ ಹಾಗೆ.

ಮೆಟ್ಟೇನೋ ಆಯಿತು. ಅದನ್ನು ಹಾಕಿಕೊಂಡು ಯಾರ ಒಲೆಮನೆಗೆ ಹೋಗುವುದು?

ಮನ್ಮನೆಯಲ್ಲಿ ಒಂದು ಮನೆಯ ವರ್ಷದ ದೇವಕಾರ್ಯಕ್ಕೆ ಇಪ್ಪತ್ತೆರಡು ವರ್ಷದಿಂದ ನಾನೇ ಹೋಳಿಗೆ ಮಾಡುವವನು. ಆ ಮನೆಯ ಅಜ್ಜಿಯ ಮಡಿ ಎಂದರೆ ಮೂರು ಊರಿಗೆ ಗೊತ್ತು. ಅಲ್ಲಿ ಬೇಡ ಎಂದರೆ ಉಳಿದ ಮನೆಗಳೂ ಬೇಡ ಎನ್ನುತ್ತವೆ. ಒಂದು ವಾರ ಮೊದಲು ನಾನು, ಹೆಂಡತಿ, ಅಣ್ಣ ಮೂವರೂ ಹೋದೆವು. ಅಜ್ಜಿ ಜಗಲಿಯ ಬಿಸಿಲಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮಜ್ಜಿಗೆ ಬಂತು. ಕೆಂಡದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಗವಸು ಹಾಕಿದ ಮೆಟ್ಟನ್ನು ಚೀಲದಿಂದ ತೆಗೆದು ದೂರದಲ್ಲಿಟ್ಟೆ.

ಅಜ್ಜಿ ಮೆಟ್ಟನ್ನು ನೋಡುತ್ತಲೇ ಸುಲಿದರು. ಕಾಳುಗಳು ಬುಟ್ಟಿಗೆ ಬೀಳುವ ಸದ್ದು ಮಾತ್ರ. ನನ್ನ ಮೂವತ್ತು ವರ್ಷ ಆ ಬುಟ್ಟಿಯ ಅಂಚಿನ ಮೇಲೆ ಕೂತಂತಿತ್ತು.

"ಹೊರಗೆ ಮೆಟ್ಟಿದ್ಯನಾ ಇದನ್ನ?"

"ಇಲ್ಲೆ ಅಜ್ಜಿ. ಒಂದು ಹೆಜ್ಜೆನೂ ಇಲ್ಲೆ."

"ಮೆಟ್ಟಲಾಗ. ಒಲೆಮನೆಲೇ ಹುಟ್ಟಿ ಒಲೆಮನೆಲೇ ಇರಕ್ಕು ಅದು. ಹಂಗಿದ್ರೆ ಮಣೆಗೂ ಅದಕ್ಕೂ ಎಂತ ಫರಕು?" ಅಂದರು. ಮತ್ತೆ ಎರಡು ಕಾಯಿ ಸುಲಿದು, "ದೇವ್ರಿಗೆ ಹೋಳಿಗೆ ಬೇಕಾದ್ರೆ ಮಾಡವ್ನ ಕಾಲೂ ಬೇಕಲ ತಮಾ," ಅಂದರು.

ಅಣ್ಣ ಮಜ್ಜಿಗೆಯ ಲೋಟವನ್ನು ಒಂದೇ ಗುಟುಕಿಗೆ ಮುಗಿಸಿದ.

ಹೊರಡಲು ಎದ್ದಾಗ ಅಜ್ಜಿ ನನ್ನ ಹೆಂಡತಿಯನ್ನು ಹತ್ತಿರ ಕರೆದರು. "ಯಂಗೂ ಸಕ್ರೆ ಇದ್ದು ಕೂಸೆ. ಯನ್ನ ಅಂಗಾಲು ಯನಗೇ ಕಾಣದ್ದೆ ಎಷ್ಟು ವರ್ಷಾತು. ನೋಡು ಒಂಚೂರು." ಅವಳು ಬಿಸಿಲಿಗೆ ತಿರುಗಿಸಿ ನೋಡಿದಳು. ಎಡಗಾಲಿನ ನಡುವೆ ಎಳ್ಳಿನಷ್ಟು ಕಪ್ಪು. ಮುರಿದ ಮುಳ್ಳಿನ ತುದಿ.

"ಇದು ಯಾವಾಗಿಂದು ಅಜ್ಜಿ?"

"ಯಾವ್ದು?"

ಬಾಗಿಲಲ್ಲಿ ನಿಂತ ಸೊಸೆ ಸೆರಗನ್ನು ಬಾಯಿಗೆ ಹಿಡಿದಳು. ನಾವು ಅದನ್ನು ಸೂಜಿಯಲ್ಲಿ ಕೆದಕಲು ಬಿಡಲಿಲ್ಲ. ಮರುದಿನವೇ ಮನೆಯವರು ಅಜ್ಜಿಯನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಈಗ ಸೊಸೆ ದಿನಾ ನೋಡುತ್ತಾಳಂತೆ, ಸಂಜೆ ದೀಪ ಹಚ್ಚುವ ಮೊದಲು.

ಇವತ್ತು ಒಲೆಮನೆಯ ಹೊಸ್ತಿಲಲ್ಲಿ ಕೂತು ಬಿಳಿ ಚೀಲದ ಗಂಟು ಬಿಚ್ಚಿದೆ. ಅಣ್ಣ ನನ್ನ ಅಂಗಾಲು ನೋಡಿದ, ನಾನು ಅವನದ್ದು. ಬೆಂಕಿ ಹಚ್ಚಿದೆ. ಮೆಟ್ಟಿನೊಳಗೆ ಕಾಲಿಗೆ ನೆಲವೇ ಇಲ್ಲದಂತಿತ್ತು. ಹತ್ತಿಯ ಮೇಲೆ ನಡೆದಂತೆ, ಹಂಡೆಗಳು ತಾವಾಗಿ ನನ್ನ ಬಳಿಗೆ ತೇಲಿ ಬಂದಂತೆ. ಮನೆಯ ಅಳಿಯನೊಬ್ಬ ಇಣುಕಿ, "ಎಂತದಾ, ಬೂಟು ಹಾಕ್ಯಂಡು ಹೋಳಿಗೆ ಮಾಡ್ತ್ಯನಾ?" ಎಂದ.

ಒಳಗಿನಿಂದ ಅಜ್ಜಿಯ ದನಿ ಬಂತು. "ಆ ಬೂಟಿಗೆ ನಿಂಗಿಂತ ಹೆಚ್ಚು ಮಡಿ ಇದ್ದು. ನೀ ಬದಿಗೆ ಸರಿ."

ಹತ್ತು ಗಂಟೆಯ ಹೊತ್ತಿಗೆ ಆ ವಾಸನೆ ಬಂತು. ಹೊತ್ತುವ ವಾಸನೆ. ನನ್ನ ಕೈ ನಿಂತಿತು. ಅಣ್ಣ ಕಾಯಿ ಹೆರೆಯುವವನನ್ನು ದಾಟಿ ಓಡಿ ಬಂದ. ನಾನು ಅವನ ಹೆಗಲು ಹಿಡಿದು ಬಲಗಾಲು ಎತ್ತಿದೆ, ಅವನು ಮೆಟ್ಟು ಕಳಚಿ ನೋಡಿದ. ಎಡಗಾಲು. ಎರಡೂ ಸ್ವಚ್ಛ. ಕಾಯಿ ಹೆರೆಯುವವನು ತಾನೇ ತನ್ನ ಕಾಲು ಎತ್ತಿ ನೋಡಿಕೊಂಡ. ಆಮೇಲೆ ಸಟ್ಟುಗವನ್ನು ತಳಕ್ಕೆ ಒತ್ತಿದೆ. ಹೂರಣ ಹಿಡಿದಿತ್ತು.

ಮೂವತ್ತು ವರ್ಷದಲ್ಲಿ ತಳ ಹಿಡಿದದ್ದಕ್ಕೆ ಖುಷಿಪಟ್ಟದ್ದು ಇದೇ ಮೊದಲು. ಅಣ್ಣ ನೆಲದಲ್ಲಿ ಕೂತು, ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಗುತ್ತಿದ್ದ. "ಈ ಸಲ ಹಂಡೆಯೇ ಮಾರಾಯಾ, ಹಂಡೆಯೇ," ಎನ್ನುತ್ತಿದ್ದ. ಮೇಲಿನದನ್ನೆಲ್ಲ ಕೆರೆಯದೆ ಬೇರೆ ಪಾತ್ರೆಗೆ ತೆಗೆದೆವು, ಏಲಕ್ಕಿ ಸ್ವಲ್ಪ ಹೆಚ್ಚು ಹಾಕಿದೆವು. ಬುಡದಲ್ಲಿ ಎರಡು ಬೆರಳಿನಷ್ಟು ಹೂರಣ ಕರಿ ಹಿಡಿದು ಹಾಳಾಯಿತು. ಪಂಕ್ತಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ; ಅಜ್ಜಿಗೆ ಗೊತ್ತಾಗಿರಬಹುದು, ಹೇಳಲಿಲ್ಲ.

ಎಲ್ಲರದ್ದೂ ಆದ ಮೇಲೆ ಅಡುಗೆಯವರ ಪಂಕ್ತಿ. ನಾನು ಉಂಡದ್ದು ಒಂದು ಸೌಟು ಅನ್ನ, ಒಂದೆಲಗದ ತಂಬುಳಿ ಎರಡು ಸಲ, ಬೀನ್ಸ್ ಪಲ್ಯ, ಹಾಗಲಕಾಯಿ ಗೊಜ್ಜು, ಅವರೆಕಾಳಿನ ಹುಳಿ. ಒಂದು ಹೋಳಿಗೆಯನ್ನು ನಾವು ಸಕ್ಕರೆಯ ಮೂವರು ಮೂರು ತುಂಡು ಮಾಡಿಕೊಂಡೆವು. ಕೊನೆಗೆ ಅಪ್ಪೆಮಿಡಿಯ ಹುಳಿನೀರು, ಒಂದು ಲೋಟ. ಅದು ಕುಡಿದವರನ್ನು ನಿದ್ದೆಗೆ ಒಪ್ಪಿಸುತ್ತದೆ. ಚಪ್ಪರದ ಕೆಳಗೆ ಚಾಪೆ ಹಾಸಿ ಮಲಗಿದೆವು. ಮಾತಾಡುತ್ತ ಆಡುತ್ತ ಮೊದಲು ನಿದ್ದೆ ಹೋದವನು ಅಣ್ಣ. ಎಣ್ಣೆ ಹಚ್ಚಿದ ಅವನ ಎರಡು ಅಂಗಾಲುಗಳು ಚಾಪೆಯಿಂದ ಹೊರಗೆ, ಬಿಸಿಲಿನ ಕಡೆಗೆ ತೆರೆದಿದ್ದವು. ಬಿರುಕು ಕೂಡಿತ್ತು. ಅದನ್ನು ನೋಡುತ್ತಲೇ ನನಗೂ ಕಣ್ಣು ಮುಚ್ಚಿತು.